ಕೈಗೂ ಕಿವಿಗೂ ನಡುವಣ ಹೊತ್ತು

ವಿಳಂಬ ಎಂಬ ಮಾತಿಗೆ ನಮ್ಮಲ್ಲಿ ಎರಡು ಬಗೆಯ ಬಾಳ್ವೆಯಿದೆ. ಸಂಗೀತ ಕಚೇರಿಯಲ್ಲಿ ವಿಳಂಬವೆಂಬುದು ಒಂದು ಕಾಲ; ಗಾಯಕನ ಉಸಿರನ್ನೂ ಕೇಳುವವರ ತಾಳ್ಮೆಯನ್ನೂ ಪರೀಕ್ಷಿಸುವ ಗೌರವದ ಕಾಲ. ಸರ್ಕಾರಿ ಕಚೇರಿಯಲ್ಲಿ ಅದೊಂದು ಪದ್ಧತಿ. ಈ ಎರಡಕ್ಕೂ ಸೇರದ ಮೂರನೆಯ ವಿಳಂಬವೊಂದು ಈಚಿನ ವರ್ಷಗಳಲ್ಲಿ ನಮ್ಮ ಮನೆಗಳಿಗೆ ಬಂದು ನೆಲಸಿದೆ. ಅದರ ಅಳತೆ ಒಂದು ಸೆಕೆಂಡಿನ ಹತ್ತರಲ್ಲೊಂದು ಪಾಲು, ಕೆಲವೊಮ್ಮೆ ನೂರರಲ್ಲೊಂದು ಪಾಲು. ಕಣ್ಣಿಗೆ ಕಾಣದು, ಗೋಡೆಯ ಗಡಿಯಾರಕ್ಕೆ ಸಿಕ್ಕದು. ವಾದ್ಯ ನುಡಿಸುವ ಕೈಗೆ ಮಾತ್ರ ಅದು ಕಾಲಿಗೆ ನೆಟ್ಟ ಮುಳ್ಳಿನಂತೆ ಹೆಜ್ಜೆ ಹೆಜ್ಜೆಗೂ ತಿಳಿಯುತ್ತದೆ. ಎಲೆಕ್ಟ್ರಿಕ್ ಗಿಟಾರನ್ನು ಕಂಪ್ಯೂಟರಿನ ಮೂಲಕ ನುಡಿಸುವಾಗ ತಂತಿ ಮೀಟಿದ ಕ್ಷಣಕ್ಕೂ ಅದರ ದನಿ ಕಿವಿಗೆ ಬೀಳುವ ಕ್ಷಣಕ್ಕೂ ನಡುವೆ ಬಂದು ಕೂರುವ ಈ ವಿಳಂಬವನ್ನು ಕುರಿತು ಇಂದು ನಾಲ್ಕು ಮಾತು ಹೇಳಬೇಕೆಂದಿದ್ದೇನೆ.

ಹಿರೀಸಾವೆಯಲ್ಲಿರುವವನಿಗೆ ಎಲೆಕ್ಟ್ರಿಕ್ ಗಿಟಾರಿನ ಗೊಡವೆ ಏಕೆ ಎಂದು ಕೆಲವರಾದರೂ ಹುಬ್ಬೇರಿಸಬಹುದು. ಚನ್ನರಾಯಪಟ್ಟಣ ತಾಲ್ಲೂಕಿನ ಈ ಹೋಬಳಿ ಊರು ಬೆಂಗಳೂರು–ಮಂಗಳೂರು ಹೆದ್ದಾರಿಯ ಮೇಲಿದೆ. ೨೦೧೭ರಲ್ಲಿ ಬೆಂಗಳೂರು–ಹಾಸನ ರೈಲುದಾರಿ ತೆರೆದ ಮೇಲೆ ರೈಲೂ ಬಂತು. ತೆಂಗಿನ ತೋಟ, ರಾಗಿಯ ಹೊಲ, ಹಾಲಿನ ಡೇರಿ—ಇವು ನಮ್ಮ ಬದುಕು. ರಾಮನವಮಿಯ ಭಜನೆಗೆ ಹಾರ್ಮೋನಿಯಂ, ಹಬ್ಬದ ಮೆರವಣಿಗೆಗೆ ತಮಟೆ, ಮದುವೆಗೆ ನಾದಸ್ವರ ಮತ್ತು ಡೋಲು—ಇವು ನಮ್ಮ ಸಂಗೀತ. ಇವುಗಳ ನಡುವೆ ಗಿಟಾರು ನುಸುಳಿದ ದಾರಿ ಏನೂ ಹೊಸದಲ್ಲ. ಹಾರ್ಮೋನಿಯಂ ಬಂದದ್ದೂ ಪಶ್ಚಿಮದಿಂದಲೇ, ಪಿಟೀಲು ಬಂದದ್ದೂ ಅಲ್ಲಿಂದಲೇ. ಯು. ಶ್ರೀನಿವಾಸ್ ಅವರ ಕೈಯಲ್ಲಿ ಎಲೆಕ್ಟ್ರಿಕ್ ಮ್ಯಾಂಡೊಲಿನ್ ಕರ್ನಾಟಕ ಸಂಗೀತದ ವಾದ್ಯವಾಯಿತು. ನಮ್ಮ ನಾಡಿನವರೇ ಆದ ಕದ್ರಿ ಗೋಪಾಲನಾಥರ ಉಸಿರಿನಲ್ಲಿ ಸ್ಯಾಕ್ಸಫೋನು ತ್ಯಾಗರಾಜರ ಕೃತಿಗಳನ್ನು ಹಾಡಿತು. ವಾದ್ಯಕ್ಕೆ ಊರಿಲ್ಲ, ನುಡಿಸುವವನಿಗೆ ಉಂಟು.

ನನ್ನ ತಂಗಿಯ ಮಗ ಹಾಸನದಲ್ಲಿ ಎಂಜಿನಿಯರಿಂಗ್ ಓದುತ್ತಾನೆ. ಎರಡು ವರ್ಷಗಳ ಹಿಂದೆ ಯಾರೋ ಬಳಸಿ ಬಿಟ್ಟಿದ್ದ ಎಲೆಕ್ಟ್ರಿಕ್ ಗಿಟಾರೊಂದನ್ನು ಅವನು ಕೊಂಡು ತಂದ. ಗುರುಗಳೊಬ್ಬರು ದೂರದ ನಗರದಿಂದ ಅಂತರಜಾಲದ ಮೂಲಕ ಪಾಠ ಹೇಳುತ್ತಿದ್ದರು. ವಾರಕ್ಕೊಮ್ಮೆ ತಾನು ನುಡಿಸಿದ್ದನ್ನು ಮುದ್ರಿಸಿ ಇವನು ಕಳುಹಿಸಬೇಕು, ಅವರು ಕೇಳಿ ತಿದ್ದಬೇಕು. ಹೀಗೆ ಒಂದು ವರ್ಷ ನಡೆಯಿತು. ಬೆರಳು ಓಡುತ್ತಿದೆ, ಸ್ವರ ಶುದ್ಧವಾಗಿದೆ, ಆದರೆ ಲಯ ಮಾತ್ರ ಇವನಿಗೆ ಹತ್ತುವುದಿಲ್ಲ ಎಂಬುದು ಅವರ ತೀರ್ಮಾನವಾಯಿತು. ರಜೆಗೆ ಊರಿಗೆ ಬಂದವನು ಒಂದು ಸಂಜೆ ಹೇಳಿದ: “ಮಾವ, ಗಿಟಾರ್ ಮಾರಿಬಿಡ್ತೀನಿ.” ಏಕೋ ಎಂದೆ. “ಲಯ ಅನ್ನೋದು ಹುಟ್ಟಿನಿಂದ ಬರಬೇಕಂತೆ. ನನಗೆ ಬಂದಿಲ್ಲ ಅಂತ ಕಾಣುತ್ತೆ” ಎಂದ.

ಆ ಮಾತನ್ನು ನಾನು ಒಪ್ಪುವಂತಿರಲಿಲ್ಲ. ಆರು ವರ್ಷದ ಹುಡುಗನಾಗಿದ್ದಾಗಲೇ ಅವನು ನಮ್ಮ ಭಜನೆಯಲ್ಲಿ ಕೈತಾಳ ಹಿಡಿದವನು. ನಿದ್ದೆ ತೂಗುತ್ತಿದ್ದರೂ ತಾಳ ತಪ್ಪಿಸುತ್ತಿರಲಿಲ್ಲ. ಆರರಲ್ಲಿ ಇದ್ದ ಲಯ ಇಪ್ಪತ್ತರಲ್ಲಿ ಎಲ್ಲಿಗೆ ಹೋಯಿತು? ನಾನು ಮೂವತ್ತು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದವನು. ಫಲಿತಾಂಶ ವಿಚಿತ್ರವಾಗಿ ಬಂದರೆ ಮೊದಲು ತಕ್ಕಡಿಯನ್ನು ನೋಡು, ಆಮೇಲೆ ವಸ್ತುವನ್ನು ನೋಡು ಎಂದು ಮಕ್ಕಳಿಗೆ ಹೇಳುತ್ತ ಬಂದವನು. ಇಲ್ಲಿ ತಕ್ಕಡಿ ಎಂದರೆ ಅವನ ಕಂಪ್ಯೂಟರು. ಅದನ್ನು ಯಾರೂ ನೋಡಿರಲಿಲ್ಲ.

ಮೊದಲು ವಾದ್ಯದ ವಿಚಾರ. ಎಲೆಕ್ಟ್ರಿಕ್ ಗಿಟಾರಿಗೆ ವೀಣೆಯ ಕೊಡದಂಥ ಟೊಳ್ಳು ಒಡಲಿಲ್ಲ. ಬಹುಮಟ್ಟಿಗೆ ಅದು ಗಟ್ಟಿ ಹಲಗೆ. ಬರಿಗೈಯಲ್ಲಿ ಮೀಟಿದರೆ ಸೊಳ್ಳೆಯ ಹಾಡಿನಷ್ಟು ಸದ್ದು. ತಂತಿಗಳ ಕೆಳಗೆ ಅಯಸ್ಕಾಂತದ ತುಂಡುಗಳಿವೆ. ಅವುಗಳ ಸುತ್ತ ಕೂದಲಿನಷ್ಟು ತೆಳ್ಳಗಿನ ತಾಮ್ರದ ತಂತಿಯನ್ನು ಸಾವಿರಾರು ಸುತ್ತು ಸುತ್ತಿರುತ್ತಾರೆ. ಉಕ್ಕಿನ ತಂತಿ ಅಯಸ್ಕಾಂತದ ಮೇಲೆ ಕಂಪಿಸಿದಾಗ ತಾಮ್ರದ ಸುರುಳಿಯಲ್ಲಿ ಅದೇ ಕಂಪನದ ಅಚ್ಚಿನಂಥ ಒಂದು ಸಣ್ಣ ವಿದ್ಯುತ್ತು ಹುಟ್ಟುತ್ತದೆ. ೧೯೩೦ರ ದಶಕದ ಮೊದಲಲ್ಲಿ ಅಮೆರಿಕದಲ್ಲಿ ಬಳಕೆಗೆ ಬಂದ ಉಪಾಯ ಇದು. ಆ ಸಣ್ಣ ವಿದ್ಯುತ್ತನ್ನು ದೊಡ್ಡದು ಮಾಡಲು ಆಂಪ್ಲಿಫೈಯರು ಬೇಕು. ಒಳ್ಳೆಯ ಆಂಪ್ಲಿಫೈಯರಿಗೆ ಬೆಲೆ ಹೆಚ್ಚು, ತೂಕ ಹೆಚ್ಚು, ಅಕ್ಕಪಕ್ಕದವರ ದೂರೂ ಹೆಚ್ಚು. ಆದ್ದರಿಂದ ಇಂದಿನ ಹುಡುಗರು ಆ ಕೆಲಸವನ್ನು ಕಂಪ್ಯೂಟರಿಗೆ ಒಪ್ಪಿಸಿದ್ದಾರೆ. ಅದು ವಿದ್ಯುತ್ತಿನ ಏರಿಳಿತವನ್ನು ಸೆಕೆಂಡಿಗೆ ೪೮,೦೦೦ ಸಲ ಅಳೆದು ಅಂಕಿಗಳನ್ನಾಗಿ ಮಾಡುತ್ತದೆ. ಆ ಅಂಕಿಗಳ ಮೇಲೆ ಲೆಕ್ಕ ನಡೆಸಿ ಬೇಕಾದ ಆಂಪ್ಲಿಫೈಯರಿನ ಬಣ್ಣವನ್ನು ದನಿಗೆ ತುಂಬುತ್ತದೆ. ಕೊನೆಗೆ ಅಂಕಿಗಳನ್ನು ಮತ್ತೆ ವಿದ್ಯುತ್ತಾಗಿ ಮಾಡಿ ಕಿವಿಗೆ ಕಳುಹಿಸುತ್ತದೆ. ಲೆಕ್ಕ ಎಷ್ಟೇ ಬೇಗ ನಡೆದರೂ ಹೊತ್ತು ತೆಗೆದುಕೊಳ್ಳುತ್ತದೆ. ಅದಕ್ಕಿಂತ ಹೆಚ್ಚು ಹೊತ್ತು ಲೆಕ್ಕಕ್ಕಾಗಿ ಕಾಯುವುದರಲ್ಲಿ ಕಳೆಯುತ್ತದೆ.

ದನಿಯೊಂದು ತಡವಾಗಿ ಬರುವುದು ಕಂಪ್ಯೂಟರಿನಿಂದ ಶುರುವಾದ ಸಂಗತಿಯಲ್ಲ. ಕೆರೆಯ ಈ ದಡದಲ್ಲಿ ನಿಂತು ಆಚೆ ದಡದಲ್ಲಿ ಬಟ್ಟೆ ಒಗೆಯುವವರನ್ನು ನೋಡಿ. ಬಟ್ಟೆ ಕಲ್ಲಿಗೆ ಬಡಿದು, ಮತ್ತೆ ಮೇಲೆದ್ದ ಮೇಲೆ ಆ ಬಡಿತದ ಸದ್ದು ನಮ್ಮನ್ನು ತಲಪುತ್ತದೆ. ಇಪ್ಪತ್ತು ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ಗಾಳಿಯಲ್ಲಿ ಸದ್ದಿನ ನಡಿಗೆ ಸೆಕೆಂಡಿಗೆ ಸುಮಾರು ೩೪೩ ಮೀಟರು. ದಡಗಳ ನಡುವೆ ೧೭೦ ಮೀಟರು ಇದ್ದರೆ ಅರ್ಧ ಸೆಕೆಂಡಿನ ಅಂತರ ಬೀಳುತ್ತದೆ. ಇದನ್ನೇ ಸಣ್ಣ ಅಳತೆಗೆ ಇಳಿಸೋಣ. ಸೆಕೆಂಡಿನ ಸಾವಿರದಲ್ಲೊಂದು ಪಾಲಿಗೆ ಮಿಲಿಸೆಕೆಂಡು ಎಂದು ಹೆಸರು. ಒಂದು ಮಿಲಿಸೆಕೆಂಡಿನಲ್ಲಿ ಸದ್ದು ನಡೆಯುವುದು ೩೪ ಸೆಂಟಿಮೀಟರು, ಒಂದು ಅಡಿಗಿಂತ ತುಸು ಹೆಚ್ಚು. ಈ ಒಂದು ಲೆಕ್ಕವನ್ನು ನೆನಪಿನಲ್ಲಿಟ್ಟುಕೊಂಡರೆ ಮುಂದಿನದೆಲ್ಲ ಸುಲಭ.

ವೀಣೆಯ ತಂತಿಗೂ ವೈಣಿಕರ ಕಿವಿಗೂ ಎರಡು ಅಡಿಯ ಮೇಲಿನ ದೂರ. ಎಂದರೆ ಅತ್ಯುತ್ತಮ ವೈಣಿಕರಿಗೂ ತಮ್ಮ ನಾದ ಎರಡು ಮಿಲಿಸೆಕೆಂಡು ತಡವಾಗಿಯೇ ಕೇಳುತ್ತದೆ. ಅದನ್ನು ಯಾರೂ ತಡವೆನ್ನುವುದಿಲ್ಲ. ಹಬ್ಬದ ಮೆರವಣಿಗೆಯಲ್ಲಿ ಮುಂದಿನ ತಮಟೆಗೂ ಹಿಂದಿನ ತಮಟೆಗೂ ಮೂವತ್ತು ಮೀಟರು ದೂರವಾದರೆ ತೊಂಬತ್ತು ಮಿಲಿಸೆಕೆಂಡಿನ ಹತ್ತಿರ ಹತ್ತಿರ ವ್ಯತ್ಯಾಸ. ಆಗ ಕಿವಿಯನ್ನು ನಂಬಿ ಬಾರಿಸಿದವನು ಹಿಂದೆ ಬೀಳುತ್ತಾನೆ. ಅನುಭವಸ್ಥರು ಮುಂದಿನವನ ಕೈಯನ್ನೋ ಹೆಜ್ಜೆಯನ್ನೋ ಕಣ್ಣಿನಿಂದ ನೋಡಿ ಬಾರಿಸುತ್ತಾರೆ. ಬೆಳಕಿಗೆ ಆ ತಡವಿಲ್ಲ. ಪಾಶ್ಚಾತ್ಯರ ದೊಡ್ಡ ವಾದ್ಯವೃಂದಗಳಲ್ಲಿ ನಿರ್ದೇಶಕನ ಕೈಯಲ್ಲಿ ಕೋಲು ಇರುವುದಕ್ಕೂ ಇದು ಒಂದು ಕಾರಣ. ಇನ್ನು ವಿಜಯಪುರದ ಗೋಲ್ ಗುಂಬಜ್. ಅದರ ಗುಮ್ಮಟದ ಒಳ ಅಗಲ ಸುಮಾರು ೩೮ ಮೀಟರು. ಈ ಕಡೆಯ ಗೋಡೆಯ ಬಳಿ ಹುಟ್ಟಿದ ಸದ್ದು ನೇರವಾಗಿ ಆ ಕಡೆಗೆ ಮುಟ್ಟಲು ನೂರಹತ್ತು ಮಿಲಿಸೆಕೆಂಡು ಬೇಕು. ಆ ಗುಮ್ಮಟದ ಒಂದು ಕಡೆ ತಾನು ಮೀಟಿ, ಇನ್ನೊಂದು ಕಡೆಯಲ್ಲಿ ಕಿವಿಯನ್ನಿಟ್ಟು ಕೇಳುತ್ತ ತಾಳಕ್ಕೆ ಸರಿಯಾಗಿ ನುಡಿಸಬೇಕಾದವನ ಪಾಡನ್ನು ಊಹಿಸಿಕೊಳ್ಳಿ. ನನ್ನ ಸೋದರಳಿಯ ಒಂದು ವರ್ಷ ಮಾಡಿದ್ದು ಹೆಚ್ಚು ಕಡಿಮೆ ಇದೇ ಸಾಧನೆ ಎಂಬುದು ನಮಗೆ ಆಮೇಲೆ ತಿಳಿಯಿತು.

ಇಷ್ಟು ಸಣ್ಣ ಹೊತ್ತು ಮನುಷ್ಯನನ್ನು ಕೆಡಿಸಬಲ್ಲುದೆ? ಕೆಡಿಸಬಲ್ಲುದು. ಅಮೆರಿಕದ ಬರ್ನಾರ್ಡ್ ಲೀ ಎಂಬವರು ೧೯೫೦ರ ಸುಮಾರಿನಲ್ಲಿ ಒಂದು ಸಂಗತಿಯನ್ನು ಪ್ರಕಟಿಸಿದರು. ಮಾತನಾಡುವವನಿಗೆ ಅವನದೇ ದನಿಯನ್ನು ಸೆಕೆಂಡಿನ ಐದರಲ್ಲೊಂದು ಪಾಲಿನಷ್ಟು ತಡಮಾಡಿ ಕಿವಿಗೆ ಕೇಳಿಸಿದರೆ, ನಿರರ್ಗಳವಾಗಿ ಮಾತನಾಡುವವನೂ ತೊದಲತೊಡಗುತ್ತಾನೆ. ನಾಲಿಗೆಗೂ ಬುದ್ಧಿಗೂ ಯಾವ ಊನವೂ ಆಗಿಲ್ಲ. ಕೆಟ್ಟಿರುವುದು ಕಿವಿ ತಂದು ಕೊಡುವ ವರದಿಯ ವೇಳೆ ಮಾತ್ರ. ೨೦೦೪ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಕ್ರಿಸ್ ಚೇಫ್ ಮತ್ತು ಸಂಗಡಿಗರು ಬೇರೆ ಬೇರೆ ಕೋಣೆಗಳಲ್ಲಿ ಇಬ್ಬಿಬ್ಬರನ್ನು ಕೂರಿಸಿ, ಒಬ್ಬರ ಚಪ್ಪಾಳೆ ಇನ್ನೊಬ್ಬರಿಗೆ ಬೇಕೆಂದಷ್ಟು ತಡವಾಗಿ ಕೇಳುವಂತೆ ಮಾಡಿ ಪರೀಕ್ಷಿಸಿದರು. ತಡ ಹನ್ನೊಂದೂವರೆ ಮಿಲಿಸೆಕೆಂಡಿನ ಆಸುಪಾಸಿನಲ್ಲಿದ್ದಾಗ ಲಯ ಸ್ಥಿರವಾಗಿ ನಿಂತಿತು. ತಡ ಅದಕ್ಕಿಂತ ಹೆಚ್ಚಿದಂತೆ ಲಯ ಕುಗ್ಗುತ್ತ ಹೋಯಿತು. ತಡ ಅದಕ್ಕಿಂತ ಕಡಮೆಯಾದಾಗಲಾದರೋ ಲಯ ಕೊಂಚ ಓಡಿತು! ಎದುರುಬದುರು ಮೂರು ನಾಲ್ಕು ಮೀಟರು ದೂರದಲ್ಲಿ ಕೂತು ಚಪ್ಪಾಳೆ ತಟ್ಟುವುದಕ್ಕೆ ನಮ್ಮ ಕಿವಿ ತಲೆತಲಾಂತರಗಳಿಂದ ಒಗ್ಗಿಕೊಂಡಿದೆ ಎಂದು ಇದರಿಂದ ತಿಳಿಯಬಹುದು.

ನಮ್ಮ ತಾಳದ ಲೆಕ್ಕದಲ್ಲಿ ಹೇಳುವುದಾದರೆ ಹೀಗೆ. ಆದಿತಾಳವನ್ನು ನಿಮಿಷಕ್ಕೆ ೮೦ ಅಕ್ಷರಗಳಂತೆ ಹಾಕೋಣ. ಒಂದು ಅಕ್ಷರಕ್ಕೆ ೭೫೦ ಮಿಲಿಸೆಕೆಂಡು. ಒಂದೊಂದು ಅಕ್ಷರಕ್ಕೆ ನಾಲ್ಕು ಸ್ವರ ನುಡಿಸಿದರೆ ಒಂದು ಸ್ವರಕ್ಕೆ ದೊರೆಯುವುದು ೧೮೭ ಮಿಲಿಸೆಕೆಂಡು. ಅದರಲ್ಲಿ ೧೨೦ ಮಿಲಿಸೆಕೆಂಡನ್ನು ಯಂತ್ರವೇ ನುಂಗಿದರೆ, ಒಂದು ಸ್ವರ ಕಿವಿಗೆ ಬೀಳುವಷ್ಟರಲ್ಲಿ ಬೆರಳು ಮುಂದಿನ ಸ್ವರದ ಬಾಗಿಲಲ್ಲಿ ನಿಂತಿರುತ್ತದೆ. ಹತ್ತು ಮಿಲಿಸೆಕೆಂಡಿನ ಒಳಗಿನ ತಡವನ್ನು ಬಹುಮಂದಿ ವಾದಕರು ಗಮನಿಸುವುದೇ ಇಲ್ಲ. ಇಪ್ಪತ್ತರ ಹತ್ತಿರ ಬಂದಾಗ ತಂತಿ ಭಾರವಾಯಿತೆಂದು ಹೇಳುತ್ತಾರೆ. ಮೂವತ್ತು ನಲವತ್ತು ದಾಟಿದರೆ ತಡ ತಡವಾಗಿಯೇ ಕೇಳುತ್ತದೆ.

ಹಾಗಾದರೆ ಹುಡುಗನ ಮುದ್ರಣದಲ್ಲಿ ಕಂಡ ದೋಷ ಕೈಯದೋ ಯಂತ್ರದ್ದೋ? ಇದನ್ನು ತಿಳಿಯುವುದಕ್ಕೆ ಒಂದು ಸರಳವಾದ ಸೂತ್ರವಿದೆ. ಕೈಯ ತಪ್ಪು ಅಲೆಯುತ್ತದೆ: ಒಮ್ಮೆ ಮುಂದೆ, ಒಮ್ಮೆ ಹಿಂದೆ, ದಣಿದಾಗ ಹೆಚ್ಚು, ಹುರುಪಿನಲ್ಲಿ ಕಡಮೆ. ಯಂತ್ರದ ತಪ್ಪು ಸಾಮಾನ್ಯವಾಗಿ ಒಂದೇ ಕಡೆ ನಿಲ್ಲುತ್ತದೆ: ಪ್ರತಿ ಸಲವೂ ಅಷ್ಟೇ ದೂರ, ಅದೇ ದಿಕ್ಕು. ನಾವು ಮಾಡಿದ್ದಿಷ್ಟು. ಕಿವಿಗೆ ಕಂಪ್ಯೂಟರಿನ ತಾಳದ ಟಿಕ್ ಟಿಕ್ ಒಂದೇ ಕೇಳುವಂತೆ ಮಾಡಿ, ಕಂಪ್ಯೂಟರಿನಿಂದ ಹೊರಡುವ ಗಿಟಾರಿನ ದನಿಯನ್ನು ಕಿವಿಗೆ ಬಾರದಂತೆ ನಿಲ್ಲಿಸಿದೆವು. ಬರಿಯ ತಂತಿಯ ಸಣ್ಣ ಸದ್ದನ್ನು ನಂಬಿ ಅವನು ನಲವತ್ತು ಸಲ ಟಿಕ್‌ಗೆ ಸರಿಯಾಗಿ ಮೀಟಿದ. ಮುದ್ರಣವನ್ನು ಪರದೆಯ ಮೇಲೆ ಹಿಗ್ಗಿಸಿ ನೋಡಿ ಒಂದೊಂದು ಮೀಟು ಎಷ್ಟು ಹಿಂದೆ ಬಿದ್ದಿದೆ ಎಂದು ಬರೆದುಕೊಂಡೆವು. ಸರಾಸರಿ ೧೧೮ ಮಿಲಿಸೆಕೆಂಡು ಹಿಂದೆ. ಆದರೆ ನಲವತ್ತರಲ್ಲಿ ಒಂದೂ ಆ ಸರಾಸರಿಯಿಂದ ಹದಿನೈದು ಮಿಲಿಸೆಕೆಂಡಿಗಿಂತ ಆಚೀಚೆ ಹೋಗಿರಲಿಲ್ಲ. ಆ ಹದಿನೈದು ಹುಡುಗನದು. ಉಳಿದ ನೂರಕ್ಕೂ ಮಿಕ್ಕಿದ್ದು ಯಂತ್ರದ್ದು.

ಇದನ್ನು ಇನ್ನೊಂದು ದಾರಿಯಿಂದಲೂ ತಾಳೆ ನೋಡಿದೆವು. ಅವನಲ್ಲಿ ಗಿಟಾರನ್ನು ಕಂಪ್ಯೂಟರಿಗೆ ಜೋಡಿಸುವ ಪುಟ್ಟ ಪೆಟ್ಟಿಗೆಯೊಂದಿತ್ತು. ಅದಕ್ಕೆ ಆಡಿಯೊ ಇಂಟರ್‌ಫೇಸ್ ಎನ್ನುತ್ತಾರೆ. ಅದರ ಹೊರದಾರಿಯನ್ನು ಒಂದು ತಂತಿಯಿಂದ ಅದರದೇ ಒಳದಾರಿಗೆ ಸೇರಿಸಿ, ಕಂಪ್ಯೂಟರಿನಿಂದ ಒಂದು ‘ಟಿಕ್’ ಕಳುಹಿಸಿ, ಅದು ಸುತ್ತಿ ಬಂದು ಮುದ್ರಣವಾಗುವುದಕ್ಕೆ ಎಷ್ಟು ಅಳತೆಗಳಾದವು ಎಂದು ಎಣಿಸಿದೆವು. ೫,೭೬೦ ಅಳತೆಗಳು. ಸೆಕೆಂಡಿಗೆ ೪೮,೦೦೦ ಅಳತೆಗಳಾದ್ದರಿಂದ ಇದು ೧೨೦ ಮಿಲಿಸೆಕೆಂಡು. ಇಲ್ಲಿ ಕೈ ಇಲ್ಲ, ಗಿಟಾರಿಲ್ಲ, ಲಯದ ಮಾತೇ ಇಲ್ಲ. ಆದರೂ ಅದೇ ತಡ. ಮುದ್ರಿಸುವ ತಂತ್ರಾಂಶಗಳು ಈ ತಡವನ್ನು ಕಳೆದು ಮುದ್ರಣವನ್ನು ಸರಿಯಾದ ಸ್ಥಳದಲ್ಲಿ ಕೂರಿಸಲು ನೋಡುತ್ತವೆ. ಆದರೆ ಯಂತ್ರ ತನ್ನ ತಡವನ್ನು ಎಷ್ಟೆಂದು ಹೇಳಿಕೊಳ್ಳುತ್ತದೆಯೋ ಅಷ್ಟನ್ನೇ ಅವು ಕಳೆಯಬಲ್ಲವು. ಅದು ಹೇಳಿದ್ದೇ ಸುಳ್ಳಾದರೆ ಮುದ್ರಣ ಹಿಂದೆಯೇ ಕೂರುತ್ತದೆ. ದೂರದ ಗುರುಗಳಿಗೆ ಕೇಳಿದ್ದು ಅಂಥ ಮುದ್ರಣ. ಕಿವಿಗೆ ಬಿದ್ದುದನ್ನು ಅವರು ಹೇಳಿದರು.

ಈ ತಡ ಹುಟ್ಟುವ ಬಗೆಯನ್ನು ನಮ್ಮ ಹಾಲಿನ ಡೇರಿಯ ಉದಾಹರಣೆಯಿಂದ ತಿಳಿಯಬಹುದು. ಬೆಳಗ್ಗೆ ಒಬ್ಬೊಬ್ಬರೇ ಬಂದು ಹಾಲು ಹಾಕುತ್ತಾರೆ. ಬಂದ ಹಾಲನ್ನು ಲೋಟ ಲೋಟವಾಗಿ ಯಾರೂ ಸಾಗಿಸುವುದಿಲ್ಲ. ಕ್ಯಾನು ತುಂಬುವವರೆಗೆ ಕಾಯುತ್ತಾರೆ. ಮೊದಲು ಬಿದ್ದ ಹನಿಯೂ ಕೊನೆಯ ಹನಿ ಬೀಳುವವರೆಗೆ ಅಲ್ಲಿಯೇ ಇರಬೇಕು. ಕಂಪ್ಯೂಟರೂ ಹಾಗೆಯೇ. ಬಂದ ಅಳತೆಗಳನ್ನು ಒಂದೊಂದಾಗಿ ಮುಟ್ಟುವುದಿಲ್ಲ; ಒಂದು ಕ್ಯಾನು ತುಂಬಿದ ಮೇಲೆ ಇಡಿಯಾಗಿ ಎತ್ತಿಕೊಂಡು ಲೆಕ್ಕ ಮಾಡುತ್ತದೆ. ಈ ಕ್ಯಾನಿಗೆ ಬಫರು ಎಂದು ಹೆಸರು. ಬಫರು ೧,೦೨೪ ಅಳತೆಗಳದ್ದಾದರೆ ತುಂಬಲು ೨೧ ಮಿಲಿಸೆಕೆಂಡು ಬೇಕು. ೨೫೬ರದ್ದಾದರೆ ಐದಕ್ಕಿಂತ ತುಸು ಹೆಚ್ಚು. ೧೨೮ರದ್ದಾದರೆ ೨.೭; ೬೪ರದ್ದಾದರೆ ೧.೩. ಒಳಬರುವ ಕ್ಯಾನು ಒಂದು, ಹೊರಹೋಗುವ ಕ್ಯಾನು ಇನ್ನೊಂದು. ಆದ್ದರಿಂದ ಈ ಅಂಕಿಗಳನ್ನು ಎರಡರಿಂದ ಗುಣಿಸಬೇಕು. ವಿದ್ಯುತ್ತನ್ನು ಅಂಕಿಯಾಗಿಸುವ ಮತ್ತು ಅಂಕಿಯನ್ನು ವಿದ್ಯುತ್ತಾಗಿಸುವ ಚಿಪ್ಪುಗಳು ಒಂದೆರಡು ಮಿಲಿಸೆಕೆಂಡು ಸೇರಿಸುತ್ತವೆ. ದಾರಿಯಲ್ಲಿ ಮುನ್ನೆಚ್ಚರಿಕೆಗೆಂದು ಇಟ್ಟಿರುವ ಬೇರೆ ಸಣ್ಣ ಕ್ಯಾನುಗಳೂ ಉಂಟು.

ಹಾಗಾದರೆ ಅತಿ ಸಣ್ಣ ಕ್ಯಾನನ್ನೇ ಏಕೆ ಇಡಬಾರದು? ಇಡಬಹುದು, ಆದರೆ ಕ್ಯಾನು ಸಣ್ಣದಾದಷ್ಟೂ ಹೊರುವವನ ಓಡಾಟ ಹೆಚ್ಚು. ಅವನು ಒಂದು ಸಲ ತಡವರಿಸಿದರೂ ಸಾಕು, ಮುಂದಿನ ಕ್ಯಾನು ಬರುವಷ್ಟರಲ್ಲಿ ಹಾಲಿನ ಧಾರೆ ಕಡಿದಿರುತ್ತದೆ. ಧಾರೆ ಕಡಿದ ಕಡೆ ಕಿವಿಗೆ ಬಾಣಲೆಯಲ್ಲಿ ಸಾಸಿವೆ ಸಿಡಿದಂತೆ ಚಟಪಟ ಕೇಳುತ್ತದೆ. ದೊಡ್ಡ ಬಫರಿನಲ್ಲಿ ದನಿ ನಿರ್ಮಲ, ಆದರೆ ತಡ. ಸಣ್ಣ ಬಫರಿನಲ್ಲಿ ದನಿ ಕೂಡಲೇ, ಆದರೆ ಸಿಡಿತ. ಇವೆರಡರ ನಡುವೆ ತನ್ನ ಯಂತ್ರದ ಶಕ್ತಿಗೆ ಒಪ್ಪುವ ಸ್ಥಳವನ್ನು ಪ್ರತಿಯೊಬ್ಬನೂ ತಾನೇ ಹುಡುಕಿಕೊಳ್ಳಬೇಕು.

ಈಗ ಪರಿಹಾರಗಳು. ಮೊದಲನೆಯದು, ದಾರಿಯನ್ನು ಬದಲಾಯಿಸುವುದು. ಕಂಪ್ಯೂಟರಿನಲ್ಲಿ ಸಿನಿಮಾದ ಹಾಡು, ಅಂಚೆ ಬಂದ ಸೂಚನೆ, ಮಾತುಕತೆ ಎಲ್ಲವೂ ಒಂದೇ ಹೆಬ್ಬಾಗಿಲಿನಿಂದ ಕಿವಿಗೆ ಬರುತ್ತವೆ. ಎಲ್ಲವನ್ನೂ ಬೆರೆಸುವ ಆ ಹೆಬ್ಬಾಗಿಲಿನಲ್ಲಿ ಕ್ಯಾನುಗಳು ದೊಡ್ಡವು, ಸರದಿಯೂ ಉದ್ದ. ಹಾಡು ಕೇಳುವವನಿಗೆ ಅದರಿಂದ ನಷ್ಟವಿಲ್ಲ, ನುಡಿಸುವವನಿಗೆ ಉಂಟು. ವಾದ್ಯದ ದನಿಗೆಂದೇ ಒಂದು ಹಿತ್ತಿಲ ಬಾಗಿಲಿದೆ. ಜರ್ಮನಿಯ ಸ್ಟೈನ್‌ಬರ್ಗ್ ಸಂಸ್ಥೆ ೧೯೯೭ರಲ್ಲಿ ಹೊರತಂದ ಆಸಿಯೊ ಎಂಬ ಏರ್ಪಾಡು ಅಂಥದು. ವಿಂಡೋಸ್ ಕಂಪ್ಯೂಟರುಗಳಲ್ಲಿ ವಾದ್ಯಗಾರರು ಇಂದಿಗೂ ಹಿಡಿಯುವುದು ಬಹುಮಟ್ಟಿಗೆ ಅದನ್ನೇ. ಆಪಲ್ ಕಂಪ್ಯೂಟರುಗಳಲ್ಲಿ ಕೋರ್ ಆಡಿಯೊ, ಲಿನಕ್ಸಿನಲ್ಲಿ ಜ್ಯಾಕ್ ಇದೇ ಕೆಲಸವನ್ನು ಮಾಡುತ್ತವೆ. ಇಂಟರ್‌ಫೇಸಿನ ಜೊತೆಗೆ ಅದರ ತಯಾರಕರು ಕೊಡುವ ಡ್ರೈವರು ಎಂಬ ತಂತ್ರಾಂಶವನ್ನು ಹಾಕಿಕೊಂಡು, ನುಡಿಸುವ ತಂತ್ರಾಂಶದಲ್ಲಿ ಅದನ್ನೇ ಆರಿಸಬೇಕು. ನಮ್ಮ ಹುಡುಗನ ಪೆಟ್ಟಿಗೆಗೂ ಅಂಥ ಡ್ರೈವರಿತ್ತು. ಅದನ್ನು ಹಾಕಿರಲಿಲ್ಲ ಅಷ್ಟೆ. ಹಾಕುವುದಕ್ಕೆ ಒಂದು ಕಾಸೂ ಖರ್ಚಾಗಲಿಲ್ಲ.

ಎರಡನೆಯದು, ಬಫರನ್ನು ಇಳಿಸುವುದು. ೫೧೨ರಿಂದ ಶುರುಮಾಡಿ ೨೫೬, ೧೨೮, ೬೪ ಎಂದು ಇಳಿಯುತ್ತ ಹೋಗಿ ಸಿಡಿತ ಕೇಳಿದಲ್ಲಿ ನಿಂತು ಒಂದು ಮೆಟ್ಟಿಲು ಹಿಂದಕ್ಕೆ ಬರಬೇಕು. ನಮಗೆ ೬೪ರಲ್ಲಿ ಸಾಸಿವೆ ಸಿಡಿಯಿತು, ೧೨೮ರಲ್ಲಿ ನಿಂತೆವು. ಮತ್ತೆ ತಂತಿಯನ್ನು ಸುತ್ತುಹಾಕಿ ಎಣಿಸಿದಾಗ ಬಂದದ್ದು ೪೩೨ ಅಳತೆಗಳು, ಎಂದರೆ ಒಂಬತ್ತು ಮಿಲಿಸೆಕೆಂಡು. ಗೋಲ್ ಗುಂಬಜಿನ ಆಚೆಗೋಡೆಯಲ್ಲಿದ್ದ ಗಿಟಾರು ಜಗಲಿಯ ಆ ತುದಿಗೆ, ಮೂರು ಮೀಟರಿನ ದೂರಕ್ಕೆ ಬಂದು ಕೂತಂತಾಯಿತು.

ಮೂರನೆಯದು, ಹೊರುವವನ ಭಾರ ಇಳಿಸುವುದು. ನುಡಿಸುವ ಹೊತ್ತಿನಲ್ಲಿ ಬೇರೆ ತಂತ್ರಾಂಶಗಳನ್ನು ಮುಚ್ಚಬೇಕು. ಲ್ಯಾಪ್‌ಟಾಪು ಬ್ಯಾಟರಿಯ ಮೇಲಿದ್ದಾಗ ವಿದ್ಯುತ್ತನ್ನು ಉಳಿಸಲು ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ. ಕರೆಂಟಿಗೆ ಜೋಡಿಸಿ, ಪೂರ್ಣ ವೇಗದಲ್ಲಿ ನಡೆಯುವಂತೆ ಹೇಳಬೇಕು. ದನಿಯನ್ನು ಅಲಂಕರಿಸುವ ಕೆಲವು ಉಪಕರಣಗಳು ಮುಂದೆ ಬರಲಿರುವುದನ್ನು ನೋಡಿ ಲೆಕ್ಕ ಮಾಡುವಂಥವು. ಮುಂದಿನದು ಬರುವವರೆಗೆ ಅವು ಕಾಯಲೇಬೇಕು. ಅಂಥವನ್ನು ಮುದ್ರಣ ಮುಗಿದ ಮೇಲೆ ಸೇರಿಸಿದರೆ ಆಯಿತು. ಸೆಕೆಂಡಿಗೆ ೪೮,೦೦೦ ಬದಲು ೯೬,೦೦೦ ಅಳತೆ ತೆಗೆದರೆ ಅದೇ ಕ್ಯಾನು ಅರ್ಧ ಹೊತ್ತಿನಲ್ಲಿ ತುಂಬುತ್ತದೆ ಎಂಬುದು ನಿಜ. ಹೊರುವವನ ಕೆಲಸವೂ ಇಮ್ಮಡಿಯಾಗುತ್ತದೆ ಎಂಬುದೂ ಅಷ್ಟೇ ನಿಜ.

ನಾಲ್ಕನೆಯದು, ಕಿವಿಯ ಕಡೆಯ ದಾರಿ. ಬ್ಲೂಟೂತ್ ಹೆಡ್‌ಫೋನು ಹಾಡು ಕೇಳಲು ಸೊಗಸು, ನುಡಿಸಲು ಸಲ್ಲದು. ದನಿಯನ್ನು ಹಿಂಡಿ, ಗಾಳಿಯಲ್ಲಿ ಕಳುಹಿಸಿ, ಮತ್ತೆ ಬಿಡಿಸುವಷ್ಟರಲ್ಲಿ ಅದೊಂದೇ ನೂರು ಇನ್ನೂರು ಮಿಲಿಸೆಕೆಂಡು ತಿನ್ನುವುದುಂಟು. ತಂತಿಯಿರುವ ಹೆಡ್‌ಫೋನೇ ಮೇಲು. ಸ್ಪೀಕರಿನಲ್ಲಿ ಕೇಳುವುದಾದರೆ ಹತ್ತಿರ ಕೂರಬೇಕು. ಒಂದೊಂದು ಮೀಟರಿಗೆ ಮೂರು ಮಿಲಿಸೆಕೆಂಡು. ಇಷ್ಟೆಲ್ಲ ಮಾಡಿಯೂ ತಡ ಇಳಿಯದಿದ್ದರೆ, ಕಂಪ್ಯೂಟರನ್ನು ಸುತ್ತಿ ಬಾರದೆ ಪೆಟ್ಟಿಗೆಯಿಂದ ನೇರವಾಗಿ ಕಿವಿಗೆ ದನಿ ಕೊಡುವ ಗುಂಡಿಯೊಂದು ಬಹುಮಟ್ಟಿಗೆ ಇಂಟರ್‌ಫೇಸುಗಳಲ್ಲೆಲ್ಲ ಇರುತ್ತದೆ. ಆಗ ಆಂಪ್ಲಿಫೈಯರಿನ ಬಣ್ಣವಿಲ್ಲದ ಸಪ್ಪೆ ದನಿ ಕೇಳಿಸುತ್ತದೆ, ಆದರೆ ತಡವಿಲ್ಲದೆ ಕೇಳಿಸುತ್ತದೆ. ಕಲಿಯುವವನಿಗೆ ಬಣ್ಣಕ್ಕಿಂತ ಹೊತ್ತು ಮುಖ್ಯ.

ಎಲ್ಲ ತಡವನ್ನೂ ಹೀಗೆ ಇಳಿಸಬಹುದೆ ಎಂದರೆ, ಇಲ್ಲ. ೨೦೨೦ರಲ್ಲಿ ಕೊರೊನಾದಿಂದ ಊರುಗಳೆಲ್ಲ ಬಾಗಿಲು ಮುಚ್ಚಿದಾಗ ಸಂಗೀತಗಾರರು ತಂತಮ್ಮ ಮನೆಗಳಿಂದಲೇ ಒಟ್ಟಿಗೆ ಹಾಡಲು ಹೋಗಿ ಸೋತರು. ಬೇರೆ ಬೇರೆಯಾಗಿ ಮುದ್ರಿಸಿ ಆಮೇಲೆ ಹೊಲಿದು ಜೋಡಿಸಿದರು. ಗಾಜಿನ ಎಳೆಯೊಳಗೆ ಬೆಳಕು ಸೆಕೆಂಡಿಗೆ ಸುಮಾರು ಎರಡು ಲಕ್ಷ ಕಿಲೊಮೀಟರು ಓಡುತ್ತದೆ. ಹಿರೀಸಾವೆಯಿಂದ ಬೆಂಗಳೂರು ನೂರು ಕಿಲೊಮೀಟರಿಗೆ ತುಸು ಹೆಚ್ಚು. ಬೆಳಕಿಗೆ ಅದು ಅರ್ಧ ಮಿಲಿಸೆಕೆಂಡಿಗಿಂತ ಚೂರು ಹೆಚ್ಚಿನ ಹಾದಿ. ಅಷ್ಟರಲ್ಲಿ ಮುಟ್ಟಬೇಕಾದ 'ಹಲೋ' ತಡವಾಗಿ ಮುಟ್ಟಿದರೆ ಅದಕ್ಕೆ ದೂರ ಕಾರಣವಲ್ಲ. ದಾರಿಯಲ್ಲಿನ ಸರದಿಗಳು, ಕ್ಯಾನುಗಳು ಕಾರಣ. ಇದು ಮನುಷ್ಯರು ಮಾಡಿದ ತಡ. ಮನುಷ್ಯರು ಕಡಮೆ ಮಾಡಬಹುದು. ಮೇಲೆ ಹೇಳಿದ ಕ್ರಿಸ್ ಚೇಫ್ ಅವರೇ ಜ್ಯಾಕ್‌ಟ್ರಿಪ್ ಎಂಬ ತಂತ್ರಾಂಶದಲ್ಲಿ ಆ ಕೆಲಸಕ್ಕೆ ಕೈಹಾಕಿದ್ದಾರೆ. ಆದರೆ ನಮ್ಮೂರಿನ ಅಜ್ಜಿ ಕ್ಯಾಲಿಫೋರ್ನಿಯದಲ್ಲಿರುವ ಮೊಮ್ಮಗಳೊಡನೆ ಆರತಿಯ ಹಾಡನ್ನು ಒಂದೇ ಉಸಿರಿನಲ್ಲಿ ಹಾಡಬೇಕೆಂದರೆ ನಡುವೆ ಹದಿನಾಲ್ಕು ಸಾವಿರ ಕಿಲೊಮೀಟರಿನಷ್ಟು ದೂರವಿದೆ. ಬೆಳಕಿಗೇ ಹೋಗಲು ಎಪ್ಪತ್ತು, ಬರಲು ಎಪ್ಪತ್ತು ಮಿಲಿಸೆಕೆಂಡು ಬೇಕು. ಇದು ಸೃಷ್ಟಿಯ ತಡ. ಇದರ ಮುಂದೆ ಯಾವ ಡ್ರೈವರೂ ಸಾಗದು. ಅಜ್ಜಿ ಒಂದು ಸಾಲು ಹಾಡಿ ನಿಲ್ಲಿಸುವುದು, ಮೊಮ್ಮಗಳು ಅದನ್ನು ಹಿಂಬಾಲಿಸುವುದು—ನಮ್ಮ ಭಜನೆಯವರು ಹೇಳಿಕೊಡುವ ಈ ಕ್ರಮವೇ ಅಲ್ಲಿ ಸರಿಯಾದ ಉಪಾಯ.

ಸೃಷ್ಟಿಯ ತಡಕ್ಕೆ ಮನುಷ್ಯ ಒಗ್ಗಿಕೊಳ್ಳಬಲ್ಲ. ದೊಡ್ಡ ಇಗರ್ಜಿಗಳಲ್ಲಿ ಆರ್ಗನ್ ನುಡಿಸುವವರಿಗೆ ಕೊಳವೆಗಳ ದನಿ ದೂರದಿಂದ ತಡವಾಗಿ ಬರುತ್ತದೆ. ಅವರು ಅದನ್ನು ಲೆಕ್ಕಕ್ಕೆ ಹಿಡಿದೇ ನುಡಿಸುತ್ತಾರೆ. ಆದರೆ ಹಾಗೆ ಒಗ್ಗಿಕೊಂಡ ಕೈ ಬೇರೆ ಕಡೆ ಹೋದಾಗ ತೊಂದರೆ. ನನ್ನ ಸೋದರಳಿಯನಿಗೆ ಆದದ್ದು ಇದು. ಕಿವಿಗೆ ತಾಳದೊಂದಿಗೆ ಕೇಳಲೆಂದು ಅವನ ಕೈ ತಿಳಿಯದೆಯೇ ಮುಂಚಿತವಾಗಿ ಮೀಟುವುದನ್ನು ಕಲಿತುಬಿಟ್ಟಿತ್ತು. ಭಜನೆಯಲ್ಲಿ ಕಂಪ್ಯೂಟರಿಲ್ಲದೆ ಕೂತಾಗ ಅವನು ತಾಳಕ್ಕಿಂತ ಮುಂದೆ ಓಡುತ್ತಿದ್ದ. ಕಂಪ್ಯೂಟರಿನ ಮುದ್ರಣದಲ್ಲಿ ಹಿಂದೆ ಬೀಳುತ್ತಿದ್ದ. ಎರಡು ಕಡೆಯೂ ಬೈಗುಳ ಒಂದೇ: ಲಯವಿಲ್ಲ. ಯಂತ್ರದ ತಡವನ್ನು ಒಂದು ಸಂಜೆಯಲ್ಲಿ ಇಳಿಸಿದೆವು. ಕೈಗೆ ಅಂಟಿದ ಅವಸರ ಇಳಿಯಲು ಎರಡು ತಿಂಗಳು ಹಿಡಿಯಿತು. ಅಷ್ಟು ದಿನ ಅವನು ಬರಿಯ ತಂತಿಯನ್ನು ವಿಳಂಬಕಾಲದಲ್ಲಿ ಮೀಟುತ್ತ, ತೊಡೆಯ ಮೇಲೆ ತಾಳ ಹಾಕುವ ನನ್ನ ಕೈಯನ್ನು ನೋಡುತ್ತ ಕೂತ. ಗಿಟಾರು ಮಾರಾಟವಾಗಲಿಲ್ಲ. ಗುರುಗಳಿಗೆ ಎರಡೂ ಅಂಕಿಗಳನ್ನು ಬರೆದು ಕಳುಹಿಸಿದ. ತಮ್ಮ ಉಳಿದ ಶಿಷ್ಯರಿಗೂ ತಂತಿ ಸುತ್ತಿ ಅಳೆಯುವಂತೆ ಅವರು ಹೇಳಿದರು.

ನಾನು ಇಷ್ಟನ್ನೆಲ್ಲ ಹೇಳಿದ್ದು ಒಬ್ಬ ಹುಡುಗನ ಸಲುವಾಗಿ ಅಲ್ಲ. ಇಂದು ಸಾವಿರಾರು ಮಕ್ಕಳು ಹಳ್ಳಿಗಳಲ್ಲಿ, ಸಣ್ಣ ಊರುಗಳಲ್ಲಿ ಕೀಬೋರ್ಡು, ಪಿಟೀಲು, ಗಿಟಾರು, ಹಾಡು ಎಲ್ಲವನ್ನೂ ಯಂತ್ರದ ಮೂಲಕ ಕಲಿಯುತ್ತಿದ್ದಾರೆ. ಗುರು ಎದುರಿಗಿಲ್ಲ, ನಡುವೆ ಯಂತ್ರವಿದೆ. ಎದುರಿಗೆ ಕೂತ ಗುರು ಶಿಷ್ಯನ ಕೈಯನ್ನು ಕಾಣುತ್ತಾರೆ. ಯಂತ್ರದ ಆಚೆಯ ಗುರು ಯಂತ್ರ ಕೊಟ್ಟಷ್ಟನ್ನು ಕೇಳುತ್ತಾರೆ. ಅಲ್ಲಿ ಲಯವಿಲ್ಲ ಎಂಬ ಮಾತು ಬಹಳ ಸುಲಭವಾಗಿ ಹುಟ್ಟಬಲ್ಲುದು. ಹದಿನಾರು ಇಪ್ಪತ್ತರ ವಯಸ್ಸಿನವರು ಆ ಮಾತನ್ನು ಹಾಗೆಯೇ ನಂಬಿ ವಾದ್ಯವನ್ನು ಅಟ್ಟಕ್ಕೆ ಹಾಕಬಲ್ಲರು. ಆದ್ದರಿಂದ ತಾಯಿತಂದೆಯರಲ್ಲೂ ಗುರುಗಳಲ್ಲೂ ನನ್ನದೊಂದು ಬಿನ್ನಹ. ಮಗುವಿಗೆ ಲಯವಿಲ್ಲವೆಂದು ತೋರಿದಾಗ ಯಂತ್ರವನ್ನು ಆರಿಸಿ, ಎದುರಿಗೆ ಕೂರಿಸಿಕೊಂಡು, ಚಪ್ಪಾಳೆ ತಟ್ಟಿಸಿ ನೋಡಿ. ಚಪ್ಪಾಳೆ ಸರಿಯಾಗಿ ಬಿದ್ದರೆ ಮಗುವನ್ನು ಬಿಡಿ, ಯಂತ್ರವನ್ನು ಹಿಡಿಯಿರಿ. ಒಂದು ತಂತಿಯ ತುಂಡು, ಒಂದು ಟಿಕ್, ಒಂದಿಷ್ಟು ಎಣಿಕೆ ಸಾಕು. ಚಪ್ಪಾಳೆಯೂ ತಪ್ಪಿದರೆ ಆಗಲೂ ನಿರಾಶರಾಗಬೇಕಿಲ್ಲ. ತಾಳ ಹಾಕಿ ಕಲಿಸುವ ಕೈಯೊಂದು ಹತ್ತಿರದಲ್ಲಿದ್ದರೆ ಅದೂ ಬರುತ್ತದೆ.